ಪ್ರತಿ ಚುಕ್ಕಿಗೂ ಒಂದು ತೂಬು: ಕಂಪ್ಯೂಟರ್ ಪರದೆ ನಡೆದು ಬಂದ ದಾರಿ

(ಸಿಂಧನೂರಿನ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಸೇರಿಸಿದೆ.)

ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಕಂಪ್ಯೂಟರಿನ ಚರಿತ್ರೆ ಎಂದರೆ ಪ್ರೊಸೆಸರ್ ಎಷ್ಟು ಚುರುಕಾಯಿತು, ಮೆಮೊರಿ ಎಷ್ಟು ಹಿಗ್ಗಿತು ಎಂಬ ಲೆಕ್ಕವೇ ನಮ್ಮ ಪಠ್ಯಪುಸ್ತಕಗಳ ತುಂಬ ಇದೆ. ಪರದೆಯ ಪಾಲಿಗೆ ಸಿಗುವುದು ಒಂದೇ ಸಾಲು: ‘ಮಾನಿಟರ್ ಒಂದು ಔಟ್‌ಪುಟ್ ಸಾಧನ.’ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಇದು ದೊಡ್ಡ ಅನ್ಯಾಯ ಎಂದು ನಾನು ಬಲವಾಗಿ ನಂಬಿದ್ದೇನೆ. ಯಂತ್ರದ ಒಳಗೆ ಎಷ್ಟೇ ಲೆಕ್ಕಾಚಾರ ನಡೆದರೂ ಪರದೆಗೆ ಎಷ್ಟು ತೋರಿಸಲು ಬರುತ್ತದೆಯೋ ಅಷ್ಟು ಮಾತ್ರ ಮನುಷ್ಯನಿಗೆ ದಕ್ಕುತ್ತದೆ. ಪರದೆಗೆ ಇಂಗ್ಲಿಷ್ ಅಕ್ಷರಗಳು ಮಾತ್ರ ಬರುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಕನ್ನಡ ಮಾತ್ರ ಬಲ್ಲವರಿಗೆ ಕಂಪ್ಯೂಟರಿನ ಮುಂದೆ ಕೂರಲು ಕುರ್ಚಿ ಇರಲಿಲ್ಲ.

ಇವತ್ತು ನಾನು ಹಿಡಿದು ಹೋಗುವ ಎಳೆ ಒಂದೇ. ಪರದೆಯ ಮೇಲೆ ಕಾಣುವ ಒಂದು ಚುಕ್ಕಿ ಯಾರ ಅಧೀನದಲ್ಲಿದೆ? ಮೊದಲು ಚುಕ್ಕಿಗೆ ತನ್ನದು ಎಂಬುದೇನೂ ಇರಲಿಲ್ಲ. ಮುಂದೆ ಅದಕ್ಕೆ ಸ್ವಂತ ಮೆಮೊರಿ ಬಂತು, ಆಮೇಲೆ ಸ್ವಂತ ಸ್ವಿಚ್ಚು, ಈಗ ಸ್ವಂತ ದೀಪ. ನೂರಿಪ್ಪತ್ತು ವರ್ಷಗಳ ಕಥೆಯ ಬೆನ್ನೆಲುಬು ಇಷ್ಟೇ.

1897ರಲ್ಲಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ಎಂಬ ಜರ್ಮನ್ ಭೌತವಿಜ್ಞಾನಿ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಗಾಜಿನ ನಳಿಕೆಯನ್ನು ರೂಪಿಸಿದರು. ಒಳಗಿನ ಗಾಳಿಯನ್ನು ಹೀರಿ ತೆಗೆದ ಆ ನಳಿಕೆಯಲ್ಲಿ ಹಿಂಬದಿಯಿಂದ ಹೊರಟ ಕ್ಯಾಥೋಡ್ ಕಿರಣ ಮುಂಬದಿಯ ರಾಸಾಯನಿಕ ಲೇಪಕ್ಕೆ ಬಡಿದಲ್ಲಿ ಬೆಳಕಿನ ಚುಕ್ಕಿಯೊಂದು ಮೂಡುತ್ತಿತ್ತು. ಅಯಸ್ಕಾಂತದ ಬಲದಿಂದ ಕಿರಣವನ್ನು ಅತ್ತಿತ್ತ ಬಾಗಿಸಿದರೆ ಚುಕ್ಕಿಯೂ ಓಡಾಡುತ್ತಿತ್ತು. ಪರ್ಯಾಯ ವಿದ್ಯುತ್ತಿನ ಏರಿಳಿತವನ್ನು ಕಣ್ಣಾರೆ ನೋಡಬೇಕೆಂಬುದು ಬ್ರೌನ್ ಅವರ ಉದ್ದೇಶವಾಗಿತ್ತು. ಆ ಕಿರಣ ಎಲೆಕ್ಟ್ರಾನುಗಳ ಪ್ರವಾಹ ಎಂದು ಜೆ. ಜೆ. ಥಾಮ್ಸನ್ ತೋರಿಸಿಕೊಟ್ಟದ್ದೂ ಅದೇ ವರ್ಷ. ನಾವು ಪಿಕ್ಚರ್ ಟ್ಯೂಬ್ ಎಂದು ಕರೆಯುತ್ತಿದ್ದದ್ದು ಇದೇ ನಳಿಕೆಯ ವಂಶದ್ದು.

ಕಂಪ್ಯೂಟರಿಗೂ ಈ ನಳಿಕೆಗೂ ಮೊದಲ ನಂಟು ಬೆಳೆದದ್ದು ನಾವು ಊಹಿಸುವ ರೀತಿಯಲ್ಲಿ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಫ್ರೆಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಈ ನಳಿಕೆಯನ್ನು ನೆನಪಿಡುವ ಸಾಧನವನ್ನಾಗಿ ಬಳಸಿದರು. ಕಿರಣ ಬಡಿದ ಜಾಗದಲ್ಲಿ ಒಂದಿಷ್ಟು ವಿದ್ಯುದಾವೇಶ ಕ್ಷಣಕಾಲ ಉಳಿಯುತ್ತದೆ. ಅದು ಆರಿಹೋಗುವ ಮೊದಲೇ ಓದಿ, ಮತ್ತೆ ಅಲ್ಲೇ ಬರೆಯುತ್ತ ಹೋದರೆ ಎಷ್ಟು ಹೊತ್ತು ಬೇಕಾದರೂ ಉಳಿಸಿಕೊಳ್ಳಬಹುದು. ಒಂದು ಬಿಟ್ ಎಂದರೆ ಸೊನ್ನೆ ಅಥವಾ ಒಂದು; ಆ ಯಂತ್ರದ ಮುಖ್ಯ ಮೆಮೊರಿ ತಲಾ 32 ಬಿಟ್‌ಗಳ 32 ಸಾಲು, ಅಷ್ಟೇ. ಮೆಮೊರಿ ನಳಿಕೆಯ ಮುಖವನ್ನು ಲೋಹದ ತಗಡು ಮುಚ್ಚಿರುತ್ತಿದ್ದುದರಿಂದ, ಒಳಗಿರುವುದನ್ನು ನೋಡಲೆಂದು ಅದಕ್ಕೆ ಜೊತೆಯಾಗಿ ಇನ್ನೊಂದು ನಳಿಕೆಯನ್ನು ಜೋಡಿಸಿದ್ದರು. 1948ರ ಜೂನ್ 21ರಂದು ಆ ಯಂತ್ರ ತನ್ನ ಮೆಮೊರಿಯಲ್ಲೇ ಇರಿಸಿದ ಪ್ರೋಗ್ರಾಮನ್ನು 52 ನಿಮಿಷ ಓಡಿಸಿ, ಆ ಸಂಖ್ಯೆಯನ್ನೇ ಬಿಟ್ಟರೆ 2,62,144ರ ಅತಿ ದೊಡ್ಡ ಅಪವರ್ತನ 1,31,072 ಎಂಬ ಉತ್ತರ ಕೊಟ್ಟಿತು. ಉತ್ತರ ಬಂದದ್ದು ಕಾಗದದ ಮೇಲಲ್ಲ, ಆ ಗಾಜಿನ ಮುಖದ ಮೇಲೆ, ಉರಿದ ಚುಕ್ಕಿ ಮತ್ತು ಮಂಕಾದ ಚುಕ್ಕಿಗಳ ಸಾಲಾಗಿ. ತನ್ನೊಳಗೇ ಪ್ರೋಗ್ರಾಮ್ ಇಟ್ಟುಕೊಂಡ ಎಲೆಕ್ಟ್ರಾನಿಕ್ ಕಂಪ್ಯೂಟರ್ ಹುಟ್ಟಿದ ದಿನವೇ ಕಂಪ್ಯೂಟರ್ ಪರದೆಯೂ ಹುಟ್ಟಿತು ಎಂದು ನಾನು ಹೇಳುವುದು ಇದಕ್ಕಾಗಿ.

ನಮ್ಮ ದೇಶವೂ ತಡಮಾಡಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ, 1960ರಲ್ಲಿ ಕೆಲಸಕ್ಕೆ ನಿಂತ ‘ಟಿಫ್ರಾಕ್’ ಕಂಪ್ಯೂಟರಿಗೆ ಗ್ರಾಫ್ ಮತ್ತು ಅಕ್ಷರ ತೋರಿಸಲು ಕ್ಯಾಥೋಡ್ ಕಿರಣದ ಪರದೆ ಇತ್ತು. ಅಮೆರಿಕದಲ್ಲಿ 1963ರಲ್ಲಿ ಐವನ್ ಸದರ್ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆ ಮಾಡಿದರು. ಬೆಳಕಿನ ಪೆನ್ನನ್ನು ಪರದೆಗೆ ತಾಗಿಸಿ ರೇಖೆ ಎಳೆಯಬಹುದಿತ್ತು, ಎಳೆದದ್ದನ್ನು ಹಿಡಿದು ಜರುಗಿಸಬಹುದಿತ್ತು. ಇವತ್ತು ನೀವು ಮೊಬೈಲಿನ ಮೇಲೆ ಬೆರಳಾಡಿಸುವುದು ಆ ಕೆಲಸದ ಮುಂದುವರಿಕೆ.

ಆಗಿನ ಪರದೆಗಳಲ್ಲಿ ಹೆಚ್ಚಿನವು ಚಿತ್ರವನ್ನು ರೇಖೆಗಳ ಪಟ್ಟಿಯಾಗಿ ಇಟ್ಟುಕೊಳ್ಳುತ್ತಿದ್ದವು. ಇಲ್ಲಿಂದ ಅಲ್ಲಿಗೆ ಗೆರೆ, ಅಲ್ಲಿಂದ ಮತ್ತೊಂದು ಕಡೆಗೆ ಗೆರೆ. ಪಟ್ಟಿ ಮುಗಿದೊಡನೆ ಮತ್ತೆ ಮೊದಲಿನಿಂದ. ಚಿತ್ರ ಜಟಿಲವಾದಷ್ಟೂ ಒಂದು ಸುತ್ತು ಮುಗಿಯಲು ಹೊತ್ತು ಹಿಡಿದು ಪರದೆ ಮಿನುಗುತ್ತಿತ್ತು. ಪ್ರತಿ ಚುಕ್ಕಿಗೂ ಒಂದೊಂದು ಬಿಟ್ ಮೆಮೊರಿ ಕೊಟ್ಟುಬಿಟ್ಟರೆ ಈ ತೊಂದರೆಯೇ ಇಲ್ಲ. ಆದರೆ 512 ಸಾಲು, ಸಾಲಿಗೆ 512 ಚುಕ್ಕಿ ಎಂದರೆ 2,62,144 ಬಿಟ್ ಬೇಕು, ಅಂದರೆ 32 ಕಿಲೋಬೈಟ್. ಇವತ್ತು ಒಂದು ಸಣ್ಣ ಫೋಟೋಗೂ ಸಾಲದ ಈ ಮೆಮೊರಿ 1960ರ ದಶಕದಲ್ಲಿ ಕೈಗೆಟುಕದ ಬೆಲೆಯದ್ದಾಗಿತ್ತು.

ಮೆಮೊರಿ ದುಬಾರಿಯಾದರೆ ಪರದೆಯೇ ತಾನು ತೋರಿಸುತ್ತಿರುವುದನ್ನು ನೆನಪಿಟ್ಟುಕೊಳ್ಳಲಿ ಎಂದು ಯೋಚಿಸಿದವರೂ ಇದ್ದರು. ಇಲಿನಾಯ್ ವಿಶ್ವವಿದ್ಯಾಲಯದ ಡೊನಾಲ್ಡ್ ಬಿಟ್ಝರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 1964ರಲ್ಲಿ ಪ್ಲಾಸ್ಮಾ ಪರದೆ ಮಾಡಿದ್ದು ಪ್ಲೇಟೋ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆಗಾಗಿ. ಎರಡು ಗಾಜುಗಳ ನಡುವೆ ತುಂಬಿದ ನಿಯಾನ್ ಅನಿಲ ಒಮ್ಮೆ ಹೊತ್ತಿಕೊಂಡರೆ ಆರಿಸುವವರೆಗೆ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು. ಶಾಲೆಯ ಮಕ್ಕಳಿಗೆ ಪಾಠ ತೋರಿಸಲೆಂದು ಹುಟ್ಟಿದ ತಂತ್ರಜ್ಞಾನ ಮುಂದೆ ಶ್ರೀಮಂತರ ಮನೆಯ ದೊಡ್ಡ ಟಿವಿಯಾಯಿತು. ಇದರ ಬಗ್ಗೆ ಇನ್ನೂ ಹೇಳಬಹುದು. ಆದರೆ ನಮ್ಮ ಭಾಷೆಯ ಹಣೆಬರಹ ಬರೆದದ್ದು ಬೇರೆ ಪರದೆ.

ಅದು ಅಕ್ಷರಗಳ ಪರದೆ. ಚುಕ್ಕಿಗಳಿಗೆ ಮೆಮೊರಿ ಕೊಡುವುದು ದುಬಾರಿ ಎಂದಮೇಲೆ, ಪರದೆಯನ್ನು ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಗೆ ಒಂದು ಅಕ್ಷರದ ಸಂಕೇತವನ್ನು ಮಾತ್ರ ನೆನಪಿಟ್ಟುಕೊಳ್ಳುವ ಉಪಾಯ ಬಂತು. ಸಾಲಿಗೆ 80 ಅಕ್ಷರ. ಈ 80 ಬಂದದ್ದು ಐಬಿಎಂ ಕಂಪನಿ 1928ರಲ್ಲಿ ತಂದ, ಮಾಹಿತಿಯನ್ನು ತೂತುಗಳಾಗಿ ಕೊರೆಯುತ್ತಿದ್ದ 80 ಕಂಬದ ರಂಧ್ರ ಕಾರ್ಡಿನಿಂದ. ಇಂಥ 25 ಸಾಲು, ಒಟ್ಟು 2000 ಮನೆ, ಎರಡು ಸಾವಿರ ಬೈಟ್; ಎಷ್ಟೊಂದು ಉಳಿತಾಯ! ಯಾವ ಸಂಕೇತಕ್ಕೆ ಯಾವ ಆಕಾರ ಎಂಬುದನ್ನು ಮಾತ್ರ ಒಂದು ಚಿಪ್‌ನಲ್ಲಿ ಕಾರ್ಖಾನೆಯಲ್ಲೇ ಕೊರೆದು ಇಡುತ್ತಿದ್ದರು. 1981ರಲ್ಲಿ ಬಂದ ಐಬಿಎಂ ಪಿಸಿಯ ಬಣ್ಣದ ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದುದು ಅಡ್ಡಕ್ಕೆ 8, ಎತ್ತರಕ್ಕೆ 8 ಚುಕ್ಕಿ. ಏಕವರ್ಣದ ಪರದೆಯಲ್ಲಿ 9 ಅಡ್ಡ, 14 ಎತ್ತರ.

ಈಗ ‘ಲಕ್ಷ್ಮಿ’ ಎಂದು ಬರೆಯಿರಿ. ನಮ್ಮ ಊರುಗಳ ಯಾವ ಮತದಾರರ ಪಟ್ಟಿಯಲ್ಲೂ, ಯಾವ ಪಡಿತರ ಚೀಟಿಯ ಕಟ್ಟಿನಲ್ಲೂ ತಪ್ಪದೇ ಸಿಗುವ ಹೆಸರು. ಕಕಾರದ ಅಡಿಯಲ್ಲಿ ಷಕಾರ, ಅದರ ಬಳಿ ಮಕಾರದ ಒತ್ತು, ಮೇಲೆ ಗುಡಿಸು. ಎಂಟು ಚುಕ್ಕಿಯ ಎತ್ತರದಲ್ಲಿ ಇದನ್ನು ಹೇಗೆ ಕೂರಿಸುತ್ತೀರಿ? ಎತ್ತರ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಆ ಚಿಪ್‌ನಲ್ಲಿ ಜಾಗವಿದ್ದದ್ದು 256 ಆಕಾರಗಳಿಗೆ. ಕನ್ನಡದ ವ್ಯಂಜನಗಳನ್ನು ಕಾಗುಣಿತದಿಂದ ಗುಣಿಸಿ, ಒತ್ತಕ್ಷರಗಳನ್ನು ಸೇರಿಸಿ ನೋಡಿ, ಸಾವಿರಗಳು ದಾಟುತ್ತವೆ. ಅಕ್ಷರದ ಅಗಲವೂ ಒಂದೇ ಸಮ ಇಲ್ಲ. ‘ರ’ಕ್ಕೆ ಸಾಕಾದ ಜಾಗ ‘ಋ’ಗೆ ಸಾಲದು. ಕನ್ನಡ ಕಂಪ್ಯೂಟರಿಗೆ ಒಗ್ಗದ ಭಾಷೆ ಎಂಬ ಮಾತು ಆ ಕಾಲದಲ್ಲಿ ಹುಟ್ಟಿತು. ಆ ಮಾತು ಸುಳ್ಳು, ಮತ್ತು ಅದರಿಂದ ನಮಗೆ ಹಾನಿಯಾಗಿದೆ. ಒಗ್ಗದಿದ್ದದ್ದು ಒಂದು ನಿರ್ದಿಷ್ಟ ದೇಶದಲ್ಲಿ, ಒಂದು ನಿರ್ದಿಷ್ಟ ಲಿಪಿಯ ಅಳತೆಗೆ ಕತ್ತರಿಸಿದ ಪರದೆಗೆ.

ಇದನ್ನು ಅರ್ಥ ಮಾಡಿಕೊಂಡವರಲ್ಲಿ ಥಾಯ್ಲೆಂಡ್ ಮೂಲದ ವಾನ್ ಸುವನ್ನುಕುಲ್ ಒಬ್ಬರು. ಥಾಯ್ ಲಿಪಿಯಲ್ಲೂ ನಮ್ಮ ಹಾಗೆಯೇ ಅಕ್ಷರದ ಮೇಲೆ, ಕೆಳಗೆ ಚಿಹ್ನೆಗಳು ಕೂರುತ್ತವೆ. ಅಮೆರಿಕದಲ್ಲಿ ಪಿಎಚ್‌ಡಿ ಪ್ರಬಂಧದ ಕೆಲಸ ಮಾಡುತ್ತಿದ್ದ ಅವರಿಗೆ ತಮ್ಮ ಪಿಸಿಯಲ್ಲಿ ಥಾಯ್ ಲಿಪಿ ಬೇಕಾಗಿತ್ತು. ಬಣ್ಣದ ಪರದೆಯ ಚುಕ್ಕಿ ಒರಟು, ಏಕವರ್ಣದ ಪರದೆಯ ಅಕ್ಷರಗಳು ಕೊರೆದಿಟ್ಟವು. ಅದಕ್ಕಾಗಿ ಅವರು 1982ರಲ್ಲಿ, ಪಿಸಿಯೊಳಗೆ ಕೂತು ಪರದೆಯನ್ನು ನಡೆಸುವ ಒಂದು ಕಾರ್ಡನ್ನು ತಾವೇ ಮಾಡಿದರು: ‘ಹರ್ಕ್ಯುಲಿಸ್’. ಅಡ್ಡಕ್ಕೆ 720, ಉದ್ದಕ್ಕೆ 348 ಚುಕ್ಕಿ. ಪ್ರತಿಯೊಂದನ್ನೂ ಬೇಕಾದ ಹಾಗೆ ಹೊತ್ತಿಸಬಹುದು, ಆರಿಸಬಹುದು. ಅದು ಪ್ರಪಂಚದಾದ್ಯಂತ ಮಾರಾಟವಾಯಿತು. ತನ್ನ ಲಿಪಿಯನ್ನು ಬಿಟ್ಟುಕೊಡಲು ಒಪ್ಪದ ಒಬ್ಬ ವಿದ್ಯಾರ್ಥಿಯಿಂದ ಉಳಿದವರಿಗೆಲ್ಲ ಒಳ್ಳೆಯ ಪರದೆ ಸಿಕ್ಕಿತು. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಈ ಸಂಗತಿಯನ್ನು ಮರೆಯಬಾರದು ಎಂದು ನನ್ನ ಆಸೆ.

ಚುಕ್ಕಿಗೊಂದು ಬಿಟ್ ಎಂಬ ಕನಸು ಅಷ್ಟರಲ್ಲಾಗಲೇ ಪ್ರಯೋಗಾಲಯದಲ್ಲಿ ನನಸಾಗಿತ್ತು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಕೇಂದ್ರದಲ್ಲಿ ಸಿದ್ಧವಾದ ‘ಆಲ್ಟೊ’ ಕಂಪ್ಯೂಟರಿನ ಪರದೆ ನಿಂತ ಕಾಗದದ ಆಕಾರದ್ದು, 606 ಅಡ್ಡ, 808 ಉದ್ದ. ಯಂತ್ರದ ಒಟ್ಟು ಮೆಮೊರಿಯ ಸುಮಾರು ಅರ್ಧ ಪರದೆಗೇ ಹೋಗುತ್ತಿತ್ತು. ಅವರು ಅದನ್ನು ದುಂದು ಎಂದುಕೊಳ್ಳಲಿಲ್ಲ. ಮೆಮೊರಿ ಅಗ್ಗವಾಗುವ ದಿನ ದೂರವಿಲ್ಲ ಎಂದು ಅವರಿಗೆ ಗೊತ್ತಿತ್ತು.

ಭಾರತದಲ್ಲಿ ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಕಾರ್ಡ್ ಪಿಸಿಯೊಳಗೆ ಕೂತು ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಪರದೆಗೆ ತಂದಿತು. 1987ರಲ್ಲಿ ಬಂದ ವಿಜಿಎ ಎಂಬ ಪರದೆ ವ್ಯವಸ್ಥೆ, 640 ಅಡ್ಡ 480 ಉದ್ದದ ಚುಕ್ಕಿಗಳೊಂದಿಗೆ, ಇಂಥ ಪ್ರತ್ಯೇಕ ಕಾರ್ಡಿನ ಹಂಗನ್ನೂ ಮೆಲ್ಲಗೆ ಕಡಿಮೆ ಮಾಡಿತು. ಅಲ್ಲಿಂದ ಮುಂದೆ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಬರಹ, ನುಡಿ ಎಂಬ ತಂತ್ರಾಂಶಗಳು, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್ ಎಲ್ಲ ಬಂದವು. ಇವರ ಕೆಲಸವನ್ನು ನಾವು ಸರಿಯಾಗಿಯೇ ಕೊಂಡಾಡುತ್ತೇವೆ. ಅವರೆಲ್ಲರ ಕಾಲಕೆಳಗೆ, ಚುಕ್ಕಿ ಚುಕ್ಕಿಯೂ ಬಿಡುಗಡೆ ಹೊಂದಿದ ಪರದೆಯೊಂದು ನೆಲವಾಗಿ ನಿಂತಿತ್ತು ಎಂಬುದನ್ನೂ ಜೊತೆಗೆ ನೆನೆಯಬೇಕು.

ಇದರ ಫಲ ನಮ್ಮ ಮನೆಬಾಗಿಲಿಗೆ ಬಂದದ್ದು ‘ಭೂಮಿ’ ಯೋಜನೆಯಲ್ಲಿ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಕೊಡುವ ವ್ಯವಸ್ಥೆ ಮಾಡುವಾಗ ಸಿಬ್ಬಂದಿಯ ಮಾನಿಟರಿನ ಜೊತೆಗೆ ಇನ್ನೊಂದು ಮಾನಿಟರನ್ನು ರೈತನ ಕಡೆಗೆ ಮುಖ ಮಾಡಿ ಇರಿಸಿದರು. ತನ್ನ ಸರ್ವೆ ನಂಬರಿನಲ್ಲಿ ಏನು ಬರೆದಿದೆ, ಒಳಗಿನವರು ಏನು ಮಾಡುತ್ತಿದ್ದಾರೆ ಎಂಬುದನ್ನು ರೈತ ಕನ್ನಡದಲ್ಲೇ ನೋಡಬಹುದಿತ್ತು. ಪರದೆಯನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಯೋಚಿಸಿದವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ.

ಆ ಮಾನಿಟರುಗಳು ದಪ್ಪ ಹೊಟ್ಟೆಯವು, ಎತ್ತಲು ಇಬ್ಬರು ಬೇಕಾಗುತ್ತಿತ್ತು. ಇವತ್ತಿನ ತೆಳು ಪರದೆಯ ಕಥೆ ಶುರುವಾಗುವುದು ಗಜ್ಜರಿಯಿಂದ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಝರ್ ಗಜ್ಜರಿಯಿಂದ ತೆಗೆದ ಕೊಲೆಸ್ಟ್ರಾಲಿನ ಗುಣಗಳನ್ನು ಪರೀಕ್ಷಿಸುತ್ತಿದ್ದರು. ಅದರ ಒಂದು ಸಂಯುಕ್ತಕ್ಕೆ ಎರಡು ಕರಗುವ ಬಿಂದುಗಳಿದ್ದವು! 145.5 ಡಿಗ್ರಿಗೆ ಅದು ಕದಡಿದ ದ್ರವವಾಗುತ್ತಿತ್ತು, 178.5 ಡಿಗ್ರಿಗೆ ತಿಳಿಯಾಗುತ್ತಿತ್ತು. ನಡುವಿನ ಸ್ಥಿತಿಯಲ್ಲಿ ಅದು ದ್ರವದ ಹಾಗೆ ಹರಿಯುತ್ತದೆ, ಆದರೆ ಅಣುಗಳು ಹರಳಿನಲ್ಲಿರುವಂತೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಜರ್ಮನ್ ಭೌತವಿಜ್ಞಾನಿ ಓಟೊ ಲೇಮನ್ ಇದನ್ನು ಸೂಕ್ಷ್ಮದರ್ಶಕದಲ್ಲಿ ಅಧ್ಯಯನ ಮಾಡಿದರು. ದ್ರವ ಸ್ಫಟಿಕ ಎಂಬ ವಿಚಿತ್ರ ಪದಾರ್ಥ ಜಗತ್ತಿಗೆ ತಿಳಿಯಿತು. ಮುಂದಿನ ಎಪ್ಪತ್ತು ವರ್ಷ ಅದರಿಂದ ಹೇಳಿಕೊಳ್ಳುವ ಉಪಯೋಗವಾಗಲಿಲ್ಲ.

1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್ಮೈಯರ್ ಅವರ ತಂಡ ದ್ರವ ಸ್ಫಟಿಕದಿಂದ ಅಂಕಿಗಳನ್ನು ತೋರಿಸಬಹುದೆಂದು ಸಾರಿತು. ಎರಡು ವರ್ಷದ ನಂತರ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಶ್ ಇನ್ನೂ ಚೆಂದದ ವಿಧಾನ ಕಂಡುಹಿಡಿದರು. ಎರಡು ಗಾಜುಗಳ ನಡುವೆ ಅಣುಗಳ ದಿಕ್ಕು ಕೆಳಗಿನಿಂದ ಮೇಲಕ್ಕೆ ಕಾಲು ಸುತ್ತು ತಿರುಚಿಕೊಂಡಿರುವಂತೆ ಮಾಡುವುದು. ಪೋಲರಾಯ್ಡ್ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ. ಅಂಥ ಒಂದು ಹಾಳೆಯಿಂದ ಬಂದ ಬೆಳಕು ಆ ತಿರುಚಿನೊಂದಿಗೆ ತಾನೂ ತಿರುಗಿ, ಅಡ್ಡಲಾಗಿ ಇಟ್ಟ ಇನ್ನೊಂದು ಪೋಲರಾಯ್ಡ್ ಹಾಳೆಯಿಂದ ಹೊರಬರುತ್ತದೆ. ವಿದ್ಯುತ್ ಒತ್ತಡ ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ತಿರುಚು ಹೋಗುತ್ತದೆ, ಬೆಳಕಿಗೆ ದಾರಿ ಮುಚ್ಚುತ್ತದೆ. ಉರಿಯುವುದಕ್ಕಿಂತ ತಡೆಯುವುದಕ್ಕೆ ತೀರ ಕಡಿಮೆ ವಿದ್ಯುತ್ ಸಾಕು. ಕೈಗಡಿಯಾರ, ಕ್ಯಾಲ್ಕುಲೇಟರುಗಳು ಸಣ್ಣ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆದದ್ದು ಹೀಗೆ.

ಇಲ್ಲೊಂದು ತೊಡಕಿತ್ತು, ಮತ್ತು ಅದು ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುವ ತೊಡಕು: ಬಿಸಿಲು. ಮೊದಲ ಪದಾರ್ಥಗಳು ಕಾಯಿಸಿದರೆ ಮಾತ್ರ ದ್ರವ ಸ್ಫಟಿಕವಾಗುತ್ತಿದ್ದವು, ಇಲ್ಲವೇ ತೇವ ತಾಗಿ ಬೇಗ ಕೆಡುತ್ತಿದ್ದವು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಜಾರ್ಜ್ ಗ್ರೇ ಅವರ ತಂಡ ಸಯನೋಬೈಫೀನೈಲ್ ಎಂಬ ಗಟ್ಟಿ ಕುಲದ ಪದಾರ್ಥಗಳನ್ನು ಮಾಡಿತು. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಸುಮಾರು 24ರಿಂದ 35 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ. ಇಂಗ್ಲೆಂಡಿಗೆ ಹೇಗೋ ನಡೆದೀತು, ಅದೂ ಚಳಿಗಾಲದಲ್ಲಿ ಕಷ್ಟ. ಸಿಂಧನೂರಿನಲ್ಲಿ ಮಾರ್ಚ್ ತಿಂಗಳು ಬಂದರೆ ಮಧ್ಯಾಹ್ನದ ಹೊತ್ತಿಗೆ ಅದು ಬರೀ ಎಣ್ಣೆಯಂಥ ದ್ರವ! ಆಗ ಪೀಟರ್ ರೇನ್ಸ್ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿ ಇಂಥ ನಾಲ್ಕು ಪದಾರ್ಥಗಳನ್ನು ಹದವಾಗಿ ಬೆರೆಸಿದರು. ಮಿಶ್ರಣ ಸೊನ್ನೆಗಿಂತ ಕೆಳಗಿನ ಚಳಿಯಿಂದ ಹಿಡಿದು 60 ಡಿಗ್ರಿಯ ಹತ್ತಿರದವರೆಗೂ ತನ್ನ ಗುಣ ಬಿಡಲಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಎಲ್‌ಸಿಡಿ, ಅಂದರೆ ದ್ರವ ಸ್ಫಟಿಕದ ಪರದೆ, ಕೆಲವೊಮ್ಮೆ ಪೂರ್ತಿ ಕಪ್ಪಾಗಿ, ನೆರಳಿಗೆ ತಂದಮೇಲೆ ಮತ್ತೆ ಸರಿಹೋಗುವುದುಂಟು. ಒಳಗಿನ ದ್ರವ ತನ್ನ ಮಿತಿ ದಾಟಿ, ಅಣುಗಳ ಶಿಸ್ತು ಕಳೆದುಹೋಗಿ, ತಣಿದ ಮೇಲೆ ಮರಳಿ ಬಂದಿದೆ ಎಂದು ಅರ್ಥ.

ಈ ಕಥೆಯಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು, ಅದು ನಮ್ಮಲ್ಲೇ ಅನೇಕರಿಗೆ ತಿಳಿಯದು. ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ನಕ್ಷತ್ರಗಳನ್ನು ಕುರಿತ ಕೆಲಸಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರ ದ್ರವ ಸ್ಫಟಿಕವಾಗುತ್ತವೆ ಎಂಬ ನಂಬಿಕೆ ಇತ್ತು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಸೇರಿ ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುವುದನ್ನು ತೋರಿಸಿದರು, ಮತ್ತು ಅದನ್ನು ಭಾರತದ್ದೇ ಆದ ‘ಪ್ರಮಾಣ’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಿಂದೇನು ಪ್ರಯೋಜನ ಎಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಿತ್ತು. ಎಲ್‌ಸಿಡಿ ಮಾನಿಟರನ್ನು ಎದುರಿನಿಂದ ನೋಡಿದರೆ ಚೆನ್ನ, ಪಕ್ಕದಿಂದ ನೋಡಿದರೆ ಬಣ್ಣವೆಲ್ಲ ತಲೆಕೆಳಗು. ಆ ಕೊರತೆಯನ್ನು ತಗ್ಗಿಸಲು 1990ರ ದಶಕದ ಮಧ್ಯದಲ್ಲಿ ಜಪಾನಿನ ಫ್ಯೂಜಿ ಕಂಪನಿ ತೆಳುವಾದ ಹಾಳೆಯೊಂದನ್ನು ತಂದಿತು. ಆ ಹಾಳೆಯಲ್ಲಿದ್ದದ್ದು ಬಿಲ್ಲೆಯಾಕಾರದ ದ್ರವ ಸ್ಫಟಿಕ. ಜಗತ್ತಿನ ಎಷ್ಟೋ ಕಚೇರಿಗಳ ಮಾನಿಟರುಗಳ ಗಾಜಿಗೆ ಅದು ಅಂಟಿಕೊಂಡಿತು. ನಮ್ಮ ಮಕ್ಕಳಿಗೆ ಕಂಪ್ಯೂಟರ್ ಎಂದರೆ ಕೋಡಿಂಗ್ ಮಾತ್ರ ಎಂದು ಹೇಳುವವರನ್ನು ಕಂಡಾಗ ನನಗೆ ಈ ಮೂವರ ನೆನಪಾಗುತ್ತದೆ. ರಸಾಯನವಿಜ್ಞಾನವನ್ನೂ ಭೌತವಿಜ್ಞಾನವನ್ನೂ ಪ್ರೀತಿಸುವವರಿಲ್ಲದೆ ಕಂಪ್ಯೂಟರಿಗೆ ಮುಖವೇ ಇರುತ್ತಿರಲಿಲ್ಲ.

ಇನ್ನು ತಲೆಬರಹದಲ್ಲಿರುವ ತೂಬಿಗೆ, ಅಂದರೆ ಕಾಲುವೆಯ ಮಾತಿಗೆ ಬರುತ್ತೇನೆ.

ತುಂಗಭದ್ರಾ ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಉದ್ದ. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರ ಗೋಳು ನಿಮಗೆ ಗೊತ್ತು. ನೀರು ಸರದಿಯ ಮೇಲೆ ಬರುತ್ತದೆ. ಸರದಿಯಲ್ಲಿ ಹೊಲಗಳು ಹೆಚ್ಚಾದಷ್ಟೂ ಒಂದೊಂದಕ್ಕೆ ಸಿಗುವ ಹೊತ್ತು ಕಡಿಮೆ. ಒಂದು ಹೊಲಕ್ಕೆ ಬಿಟ್ಟ ನೀರು ಪಕ್ಕದ ಹೊಲಕ್ಕೂ ಬಸಿಯುತ್ತದೆ. ಮತ್ತೆ ಸರದಿ ಬರುವಷ್ಟರಲ್ಲಿ ಪೈರು ಬಾಡಿರುತ್ತದೆ. ಎಲ್‌ಸಿಡಿಯನ್ನು ಗಡಿಯಾರದ ನಾಲ್ಕು ಅಂಕಿಯಿಂದ ಕಂಪ್ಯೂಟರಿನ ಪರದೆಗೆ ಬೆಳೆಸಲು ಹೊರಟಾಗ ಬಂದ ಕಷ್ಟ ಇದೇ. ಲಕ್ಷಾಂತರ ಚುಕ್ಕಿಗಳಿಗೆ ಲಕ್ಷಾಂತರ ತಂತಿ ಎಳೆಯಲಾಗದು. ಅಡ್ಡ ತಂತಿ, ಉದ್ದ ತಂತಿಗಳ ಜಾಲ ಮಾಡಿ, ಒಂದೊಂದೇ ಅಡ್ಡ ಸಾಲಿಗೆ ಸರದಿಯಂತೆ ವಿದ್ಯುತ್ ಒತ್ತಡ ಕೊಡಬೇಕು. 1974ರಲ್ಲಿ ಐಬಿಎಂನ ಆಲ್ಟ್ ಮತ್ತು ಪ್ಲೆಶ್ಕೊ ಇದರ ಗಣಿತವನ್ನು ಕೆಲಸ ಮಾಡಿ ತೋರಿಸಿದರು. 100 ಸಾಲುಗಳಿದ್ದರೆ, ಕಪ್ಪಾಗಬೇಕಾದ ಚುಕ್ಕಿಗೆ ಸಿಗುವ ಒತ್ತಡ ಬಿಳಿಯಾಗಿ ಉಳಿಯಬೇಕಾದ ಚುಕ್ಕಿಗೆ ಸಿಗುವುದಕ್ಕಿಂತ ಸುಮಾರು ಶೇ 10ರಷ್ಟು ಮಾತ್ರ ಹೆಚ್ಚು. 240 ಸಾಲಾದರೆ ಶೇ 7ಕ್ಕೂ ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಕಪ್ಪೂ ಇಲ್ಲ ಬಿಳಿಯೂ ಇಲ್ಲ, ಎಲ್ಲ ಬೂದಿ.

ಹಳೆಯ ಲ್ಯಾಪ್‌ಟಾಪುಗಳಲ್ಲಿ ಮೌಸಿನ ಬಾಣ ಓಡಿದಾಗ ಮಾಯವಾಗುತ್ತಿದ್ದದ್ದು, ಕಿಟಕಿಯ ಅಂಚಿನಿಂದ ನೆರಳಿನ ಪಟ್ಟೆ ಇಳಿಯುತ್ತಿದ್ದದ್ದು ಈ ಕಾರಣಕ್ಕೆ. ಅಣುಗಳ ತಿರುಚನ್ನು ಕಾಲು ಸುತ್ತಿನಿಂದ ಮುಕ್ಕಾಲು ಸುತ್ತಿನವರೆಗೆ ಹೆಚ್ಚಿಸಿ, ಸಣ್ಣ ವ್ಯತ್ಯಾಸಕ್ಕೂ ಅವು ಥಟ್ಟನೆ ಸ್ಪಂದಿಸುವಂತೆ ಮಾಡಿದರು. ರಾಮನ್ ಸಂಸ್ಥೆಯ ಟಿ. ಎನ್. ರುಕ್ಮಾಂಗದನ್ ಅವರು ಒಂದೊಂದೇ ಸಾಲಿನ ಬದಲು ಹಲವು ಸಾಲುಗಳನ್ನು ಒಟ್ಟಿಗೆ ಆಯ್ದು ನಡೆಸುವ ವಿಧಾನಗಳನ್ನು ಬೆಳೆಸಿದರು. ಸರದಿಯನ್ನು ಜಾಣತನದಿಂದ ನಡೆಸಿದರೆ ಎಷ್ಟು ಲಾಭವೋ ಅಷ್ಟನ್ನೂ ಇವರೆಲ್ಲ ಪಡೆದರು.

ಪೂರ್ತಿ ಪರಿಹಾರಕ್ಕೆ ಬೇರೆ ದಾರಿ ಬೇಕಿತ್ತು. ಪ್ರತಿ ಹೊಲಕ್ಕೂ ಅದರದೇ ತೂಬು, ತೂಬಿನ ಹಿಂದೆ ಅದರದೇ ಕೃಷಿ ಹೊಂಡ. ಸರದಿ ಬಂದಾಗ ತೂಬು ತೆರೆದು ಹೊಂಡ ತುಂಬಿಸಿ ಮುಚ್ಚಿಬಿಡಬೇಕು. ಮುಂದಿನ ಸರದಿಯವರೆಗೆ ಹೊಲ ಆ ಹೊಂಡದ ನೀರಲ್ಲಿ ಬದುಕುತ್ತದೆ, ಪಕ್ಕದವರ ನೀರು ಇತ್ತ ಬಸಿಯುವುದಿಲ್ಲ. ತೂಬು ಎಂದರೆ ಟ್ರಾನ್ಸಿಸ್ಟರ್, ಹೊಂಡ ಎಂದರೆ ಕೆಪಾಸಿಟರ್. ಅಮೆರಿಕದ ವೆಸ್ಟಿಂಗ್‌ಹೌಸ್‌ನಲ್ಲಿ ಪೀಟರ್ ಬ್ರೋಡಿ ಅವರ ತಂಡ 1973ರಲ್ಲಿ 6 ಇಂಚು ಅಗಲ, 6 ಇಂಚು ಉದ್ದದ ಗಾಜಿನ ಮೇಲೆ 120 ಸಾಲು, ಸಾಲಿಗೆ 120 ಚುಕ್ಕಿ, ಅಂದರೆ 14,400 ಚುಕ್ಕಿಗಳಿಗೆ ತೆಳುಪದರದ ಟ್ರಾನ್ಸಿಸ್ಟರುಗಳನ್ನು ಕೂರಿಸಿ ತೋರಿಸಿತು. ಆದರೆ ಅವರು ಬಳಸಿದ ಕ್ಯಾಡ್ಮಿಯಮ್ ಸೆಲೆನೈಡ್ ದೊಡ್ಡ ಪ್ರಮಾಣದ ತಯಾರಿಕೆಗೆ ಪಳಗಲಿಲ್ಲ. 1979ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಾಲ್ಟರ್ ಸ್ಪಿಯರ್ ಮತ್ತು ಪೀಟರ್ ಲೆಕೊಂಬರ್ ಅವರ ಗುಂಪು ಹರಳುಗಟ್ಟದ ಸಿಲಿಕಾನಿನಿಂದ ಇದೇ ಟ್ರಾನ್ಸಿಸ್ಟರನ್ನು ಮಾಡಬಹುದೆಂದು ತೋರಿಸಿತು. ಗಾಜು ಕರಗದಷ್ಟು ಕಡಿಮೆ ಶಾಖದಲ್ಲಿ, ವಿಶಾಲವಾದ ಗಾಜಿನ ಮೇಲೆ ಇದನ್ನು ಲೇಪಿಸಬಹುದಿತ್ತು. ಜಪಾನಿನ ಶಾರ್ಪ್ ಕಂಪನಿ 1988ರಲ್ಲಿ 14 ಇಂಚಿನ ಬಣ್ಣದ ಟಿಎಫ್‌ಟಿ, ಅಂದರೆ ತೆಳುಪದರದ ಟ್ರಾನ್ಸಿಸ್ಟರಿನ ಪರದೆಯನ್ನು ತೋರಿಸಿದಾಗ, ಪಿಕ್ಚರ್ ಟ್ಯೂಬಿನ ಕಾಲ ಮುಗಿಯುತ್ತ ಬಂತು ಎಂದು ಬಲ್ಲವರಿಗೆ ಗೊತ್ತಾಯಿತು.

ಇವತ್ತು ಸಾಮಾನ್ಯ ಮಾನಿಟರ್ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಪ್ರತಿ ಚುಕ್ಕಿಯಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಭಾಗ. ಒಟ್ಟು 62,20,800 ತೂಬುಗಳು. ಸೆಕೆಂಡಿಗೆ 60 ಸಲ ಇಡೀ ಪರದೆಯನ್ನು ಸುತ್ತಿ ಬರಬೇಕಾದರೆ ಒಂದು ಸಾಲಿನ ಸರದಿಗೆ ಸಿಗುವುದು ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು ಹದಿನೈದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಆ ಸಾಲಿನ 5,760 ಹೊಂಡಗಳೂ ತುಂಬಿ, ತೂಬುಗಳು ಮುಚ್ಚಿರಬೇಕು. ಒಂದು ತೂಬು ಕೆಟ್ಟರೂ ಕಣ್ಣಿಗೆ ಹೊಡೆಯುತ್ತದೆ. ಇಷ್ಟೂ ಸರಿಯಾಗಿ ಕೆಲಸ ಮಾಡುವ ಗಾಜನ್ನು ಮನುಷ್ಯರು ಕೋಟಿಗಟ್ಟಲೆ ತಯಾರಿಸುತ್ತಿದ್ದಾರೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ದ್ರವ ಸ್ಫಟಿಕಕ್ಕೆ ತನ್ನದೇ ಬೆಳಕಿಲ್ಲ; ಹಿಂದಿನಿಂದ ದೀಪ ಬೇಕು. ಪೋಲರಾಯ್ಡ್ ಹಾಳೆ ಅರ್ಧ ಬೆಳಕನ್ನು ನುಂಗುತ್ತದೆ, ಬಣ್ಣದ ಸೋಸು ಉಳಿದದ್ದರ ಮೂರನೇ ಎರಡು ಭಾಗವನ್ನು. ಆರನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬರುವುದು ಕಷ್ಟ. ಮೊದಲು ಪಾದರಸ ತುಂಬಿದ ತೆಳು ಟ್ಯೂಬ್‌ಲೈಟುಗಳಿದ್ದವು. ಆಮೇಲೆ ಬಿಳಿ ಎಲ್‌ಇಡಿ ಬಂತು. ಅದಕ್ಕೆ ಮೂಲವಾದ ನೀಲಿ ಎಲ್‌ಇಡಿಗಾಗಿ ಜಪಾನಿನಲ್ಲಿ ಹುಟ್ಟಿ ಬೆಳೆದ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರ ನೊಬೆಲ್ ಸಿಕ್ಕಿತು.

ಚುಕ್ಕಿಗೆ ಸ್ವಂತ ದೀಪವನ್ನೇ ಕೊಟ್ಟರೆ? 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್, ಇಂಗಾಲ ಮೂಲದ ಪದಾರ್ಥಗಳ ತೆಳು ಪದರಗಳು ಕಡಿಮೆ ಒತ್ತಡದ ವಿದ್ಯುತ್ತಿನಲ್ಲೇ ಬೆಳಗುತ್ತವೆ ಎಂದು ಪ್ರಕಟಿಸಿದರು. ನಿಮ್ಮಲ್ಲಿ ಹಲವರ ಕಿಸೆಯಲ್ಲಿರುವ ಓಎಲ್‌ಇಡಿ ಮೊಬೈಲ್ ಪರದೆ ಅದೇ. ಕಪ್ಪು ಬೇಕಾದಲ್ಲಿ ಆ ಚುಕ್ಕಿ ಆರಿಬಿಡುತ್ತದೆ, ಹಾಗಾಗಿ ಕಪ್ಪು ನಿಜವಾದ ಕಪ್ಪು. ಆದರೆ ಈ ದೀಪಗಳಿಗೆ ಮುಪ್ಪಿದೆ, ನೀಲಿಗೆ ಎಲ್ಲರಿಗಿಂತ ಬೇಗ. ಒಂದೇ ಚಿತ್ರವನ್ನು ದಿನವಿಡೀ ತೋರಿಸಿದರೆ ಅದರ ಗುರುತು ಪರದೆಯಲ್ಲಿ ಉಳಿದುಬಿಡುತ್ತದೆ. ಕಚೇರಿ ಕೆಲಸಕ್ಕೆ ಇದು ತಕ್ಕದ್ದಲ್ಲ ಎಂದು ನನ್ನ ಅಭಿಪ್ರಾಯ.

ನನಗೆ ಇನ್ನೂ ಪ್ರಿಯವಾದದ್ದು ಎಲೆಕ್ಟ್ರಾನಿಕ್ ಕಾಗದ. 1990ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಜೇಕಬ್ಸನ್ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳೊಳಗೆ ಕಪ್ಪು ಮತ್ತು ಬಿಳಿ ಬಣ್ಣದ ಕಣಗಳು. ವಿದ್ಯುತ್ತಿಗೆ ತಕ್ಕಂತೆ ಒಂದು ಮೇಲೆ ಬರುತ್ತದೆ, ಇನ್ನೊಂದು ತಳ ಸೇರುತ್ತದೆ. ಒಮ್ಮೆ ಪುಟ ಮೂಡಿದ ಮೇಲೆ ವಿದ್ಯುತ್ ಬೇಕಿಲ್ಲ. ಬಿಸಿಲು ಹೆಚ್ಚಿದಷ್ಟೂ ಅಕ್ಷರ ಸ್ಪಷ್ಟ. ಉಳಿದ ಪರದೆಗಳೆಲ್ಲ ಸೂರ್ಯನೊಂದಿಗೆ ಸ್ಪರ್ಧೆಗೆ ನಿಂತು ಸೋಲುತ್ತವೆ. ಹೊಲದಲ್ಲಿ ನಿಂತು ಓದಬೇಕಾದವರಿರುವ, ವಿದ್ಯುತ್ ಆಗಾಗ ಕೈಕೊಡುವ ನಮ್ಮ ಕಡೆಗೆ ಇಂಥ ಪರದೆಗಳು ಅಗ್ಗವಾಗಿ ಬರಬೇಕು, ಶಾಲೆಗಳಿಗೆ ಬರಬೇಕು. ಇದಕ್ಕಾಗಿ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಕೆಲಸ ನಡೆಯಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

ಸಭಿಕರ ಪ್ರಶ್ನೆಗಳು

ಪರದೆಯ ನೀಲಿ ಬೆಳಕಿನಿಂದ ಕಣ್ಣು ಹಾಳಾಗುತ್ತದೆಯೇ ಎಂದು ತಾಯಿಯೊಬ್ಬರು ಕೇಳಿದರು. ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಹೇಳುವಂತೆ, ಪರದೆಯಿಂದ ಬರುವ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ದಣಿವಿಗೆ ಕಾರಣ ಬೇರೆ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆ, ಕಣ್ಣು ಒಣಗುತ್ತದೆ. ಹತ್ತಿರದ್ದನ್ನೇ ಬಹಳ ಹೊತ್ತು ನೋಡುವುದರಿಂದ ಒಳಗಿನ ಸ್ನಾಯು ಸೋಲುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂದು ವೈದ್ಯರು ಹೇಳುತ್ತಾರೆ. ನೀಲಿ ಬೆಳಕು ತಡೆಯುವ ದುಬಾರಿ ಕನ್ನಡಕಕ್ಕಿಂತ ಇದು ಒಳ್ಳೆಯದು.

ನಮ್ಮ ಬೇಸಿಗೆಗೆ ಯಾವ ಮಾನಿಟರ್ ತಾಳುತ್ತದೆ ಎಂದು ಡಿಟಿಪಿ ಕೇಂದ್ರ ನಡೆಸುವವರೊಬ್ಬರು ಕೇಳಿದರು. ಸಾಮಾನ್ಯ ಮಾನಿಟರುಗಳ ಕೈಪಿಡಿಯಲ್ಲಿ ಸುತ್ತಲಿನ ಗಾಳಿ 40 ಡಿಗ್ರಿ ಮೀರಬಾರದು ಎಂದು ಬರೆದಿರುತ್ತದೆ. ತಗಡಿನ ಚಾವಣಿಯ ಅಂಗಡಿಯಲ್ಲಿ ಏಪ್ರಿಲ್ ತಿಂಗಳಿಗೇ ಅದು ಮೀರುತ್ತದೆ. ಮೊದಲು ಸೋಲುವುದು ದ್ರವ ಸ್ಫಟಿಕವಲ್ಲ, ವಿದ್ಯುತ್ ಪೂರೈಸುವ ಭಾಗದ ಕೆಪಾಸಿಟರುಗಳು ಮತ್ತು ಹಿಂದಿನ ದೀಪಗಳು. ಗೋಡೆಗೆ ಒತ್ತಿ ಇಡಬೇಡಿ, ಗಾಳಿಕಿಂಡಿಯ ದೂಳು ತೆಗೆಯುತ್ತಿರಿ, ಪರದೆಯ ಪ್ರಖರತೆಯನ್ನು ಅಗತ್ಯವಿದ್ದಷ್ಟೇ ಇಡಿ. ಬಿಸಿ ಕಡಿಮೆಯಾದಷ್ಟೂ ಆಯುಷ್ಯ ಹೆಚ್ಚು.

ಶಾಲೆಯ ಕೋಣೆಯಲ್ಲಿ ಬಿದ್ದಿರುವ ಹಳೆಯ ದಪ್ಪ ಮಾನಿಟರುಗಳನ್ನು ಏನು ಮಾಡಬೇಕು ಎಂದು ಅಧ್ಯಾಪಕರೊಬ್ಬರು ಕೇಳಿದ ಪ್ರಶ್ನೆ ತುಂಬ ಮುಖ್ಯವಾದದ್ದು. ಅವುಗಳನ್ನು ಗುಜರಿಗೆ ಹಾಕಬೇಡಿ. ಗುಜರಿಯವರಿಗೆ ಬೇಕಾದದ್ದು ನಳಿಕೆಯ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ. ಅದಕ್ಕಾಗಿ ಗಾಜನ್ನು ಒಡೆಯುತ್ತಾರೆ. ನಳಿಕೆಯ ಒಳಗೆ ನಿರ್ವಾತವಿರುವುದರಿಂದ ಗಾಜು ಸಿಡಿದು ಚೂರುಗಳು ಹಾರುತ್ತವೆ. ಎಕ್ಸ್ ಕಿರಣ ಹೊರಬಾರದಂತೆ ತಡೆಯಲು ಬಣ್ಣದ ಮಾನಿಟರಿನ ಹಿಂಬದಿಯ ಗಾಜಿನಲ್ಲಿ ಸಾಕಷ್ಟು ಸೀಸ ಬೆರೆಸಿರುತ್ತಾರೆ. ಒಡೆದ ಗಾಜು ಹಳ್ಳ, ಬಾವಿಗಳ ಬಳಿ ಬಿದ್ದರೆ ಆ ಸೀಸ ನೀರಿಗೆ ಇಳಿಯಬಹುದು. ಹಳೆಯ ಎಲ್‌ಸಿಡಿಗಳ ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ, ಅದನ್ನೂ ಒಡೆಯಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವನ್ನು ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಅವರ ವಿವರವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಿ ಪಡೆಯಬಹುದು. ಒಂದು ಶಾಲೆಯಿಂದ ಎರಡು ಮಾನಿಟರ್ ಕೊಂಡೊಯ್ಯಲು ಯಾರೂ ಬರಲಿಕ್ಕಿಲ್ಲ, ಆದ್ದರಿಂದ ತಾಲ್ಲೂಕಿನ ಶಾಲೆಗಳೆಲ್ಲ ಸೇರಿ ಒಂದೇ ಕಡೆ ಕೂಡಿಸಿ ಒಂದು ಗಾಡಿ ತರಿಸಿಕೊಳ್ಳಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದಂತೆ, ಮುಖವನ್ನು ಗೋಡೆಯ ಕಡೆಗೆ ಮಾಡಿ, ಒಂದರ ಮೇಲೊಂದು ಪೇರಿಸದೆ ಇಡಿ.